ತಾಯಿಯ ಕಡೆಯಿಂದ ಬಂದ ಹೆಸರು

ಪ್ರಶ್ನೆ: ಗಂಗೂಬಾಯಿ ಹಾನಗಲ್ ಅವರ ಬದುಕು ಒಂದು ಶತಮಾನದ ಸಾಮಾಜಿಕ ಬದಲಾವಣೆಯ ಕನ್ನಡಿ ಎಂಬ ಮಾತನ್ನು ಭಾಷಣಗಳಲ್ಲಿ ಪದೇ ಪದೇ ಕೇಳಿದ್ದೇನೆ. ಅವರು ಯಾವ ಚಳವಳಿಯನ್ನೂ ಕಟ್ಟಲಿಲ್ಲ, ಬೀದಿಗಿಳಿದು ಹೋರಾಡಲಿಲ್ಲ, ಜೀವನವಿಡೀ ಹಾಡಿದರು. ದೊಡ್ಡ ಗಾಯಕಿ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬ ಗಾಯಕಿಯ ಬದುಕಿನಲ್ಲಿ ಇಡೀ ಶತಮಾನವನ್ನು ಓದುವುದು ಉತ್ಪ್ರೇಕ್ಷೆಯಲ್ಲವೇ? ಸಮಾಜ ಇತಿಹಾಸದ ದೃಷ್ಟಿಯಿಂದ ಇದಕ್ಕೆ ಆಧಾರವಿದೆಯೇ?

ಉತ್ತರ: ನಿಮ್ಮ ಅನುಮಾನ ನ್ಯಾಯವಾದದ್ದು. ‘ಕನ್ನಡಿ’ ಎಂಬ ಪದವನ್ನು ನಾವು ತೀರಾ ಸಲೀಸಾಗಿ ಬಳಸುತ್ತೇವೆ. ದೊಡ್ಡವರು ಯಾರೇ ತೀರಿಕೊಂಡರೂ ಅವರೊಂದಿಗೆ ಒಂದು ಯುಗ ಮುಗಿಯಿತು ಎನ್ನುತ್ತೇವೆ. ಹಾಗಿದ್ದರೂ ಗಂಗೂಬಾಯಿಯವರ ವಿಷಯದಲ್ಲಿ ನಾನು ಹೌದು ಎಂದೇ ಹೇಳುತ್ತೇನೆ. ಅದಕ್ಕೆ ನನ್ನ ಆಧಾರ ಅವರ ಪ್ರಶಸ್ತಿಗಳ ಪಟ್ಟಿಯಲ್ಲಿಲ್ಲ, ಅವರ ಹೆಸರಿನಲ್ಲಿದೆ. ‘ಗಂಗೂಬಾಯಿ ಹಾನಗಲ್’ ಎಂಬ ಎರಡು ಪದಗಳನ್ನು ನಿಧಾನವಾಗಿ ಬಿಡಿಸಿ ನೋಡೋಣ.

ಅವರು ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ತಂದೆ ಚಿಕ್ಕೂರಾವ್ ನಾಡಿಗೇರ್, ಬ್ರಾಹ್ಮಣರು. ತಾಯಿ ಅಂಬಾಬಾಯಿ, ಕರ್ನಾಟಕ ಸಂಗೀತದಲ್ಲಿ ನುರಿತ ಗಾಯಕಿ. ಹದಿನಾರನೆಯ ವಯಸ್ಸಿನಲ್ಲಿ ಗಂಗೂಬಾಯಿಯವರ ಬಾಳಸಂಗಾತಿಯಾದವರು ಗುರುರಾವ್ ಕೌಲಗಿ, ಬ್ರಾಹ್ಮಣ ವಕೀಲರು. ಅಂದಿನ ರೂಢಿಯಂತಾಗಿದ್ದರೆ ಆಕೆ ಹುಟ್ಟಿನಿಂದ ನಾಡಿಗೇರ್, ಮದುವೆಯ ಮೇಲೆ ಕೌಲಗಿ. ಎರಡೂ ಆಗಲಿಲ್ಲ. ‘ಹಾನಗಲ್’ ಎಂಬುದು ತಾಯಿಯ ಕಡೆಯ ಮೂಲ ಊರು. ಗಂಡುಮಕ್ಕಳಾದ ಬಾಬುರಾವ್ ಮತ್ತು ನಾರಾಯಣ, ಮಗಳು ಕೃಷ್ಣಾ, ಎಲ್ಲರೂ ಹಾನಗಲ್ ಎಂದೇ ಗುರುತಾದರು.

ಇಂದು ಮಗುವಿಗೆ ತಾಯಿಯ ಹೆಸರು ಸೇರಿಸಿದರೆ ಅದೊಂದು ಪ್ರಗತಿಪರ ಹೆಜ್ಜೆ ಎಂದು ನಾವು ಮೆಚ್ಚುತ್ತೇವೆ. 1913ರ ಧಾರವಾಡದಲ್ಲಿ ಅದೇ ಸಂಗತಿಯ ಅರ್ಥ ಬೇರೆಯಿತ್ತು. ತಾಯಿಯ ಹೆಸರಿನಿಂದ ಗುರುತಾಗುವ ಮನೆ ಎಂದರೆ ಹಾಡುವವರ ಮನೆ. ಮನೆಯ ಗಂಡಸಿಗೆ ಬೇರೊಂದು ಕಡೆ, ತನ್ನ ಜಾತಿಯೊಳಗೆ, ಇನ್ನೊಂದು ಬದುಕು ಇರುತ್ತದೆ ಎಂದು ಊರಿಗೆ ಊರೇ ಒಪ್ಪಿಕೊಂಡಿದ್ದ ವ್ಯವಸ್ಥೆ ಅದು. ಹಾಡುವ ಹೆಣ್ಣುಮಕ್ಕಳ ಸಂಗೀತ ಬೇಕು, ಅವರ ಜೊತೆ ಸಂಬಂಧವೂ ಬೇಕು. ಪಂಕ್ತಿಯಲ್ಲಿ ಜಾಗ ಮಾತ್ರ ಇಲ್ಲ.

ಈ ಕುಟುಂಬ ವಾಸವಾಗಿದ್ದದ್ದು ಬ್ರಾಹ್ಮಣರೇ ಹೆಚ್ಚಾಗಿದ್ದ ಶುಕ್ರವಾರಪೇಟೆಯಲ್ಲಿ. ಚಿಕ್ಕ ಹುಡುಗಿ ಪಕ್ಕದ ಮನೆಯ ಹಿತ್ತಲಿಗೆ ಮಾವಿನಕಾಯಿ ಕದಿಯಲು ನುಗ್ಗಿದಾಗ ಬೈಗುಳ ತಿಂದದ್ದನ್ನು ಅವರು ದೊಡ್ಡವರಾದ ಮೇಲೂ ನೆನೆಯುತ್ತಿದ್ದರು. ಮಾವಿನಕಾಯಿ ಕದ್ದದ್ದಕ್ಕೆ ಯಾವ ಮಗುವಿಗಾದರೂ ಬೈಗುಳ ತಪ್ಪಿದ್ದಲ್ಲ. ಆದರೆ ಅಲ್ಲಿ ಸಿಟ್ಟು ಬಂದದ್ದು ಕಳವಿಗಲ್ಲ, ಹಾಡುವವಳ ಮಗಳು ಕಾಲಿಟ್ಟರೆ ಹಿತ್ತಲು ಮೈಲಿಗೆಯಾಗುತ್ತದೆ ಎಂಬುದಕ್ಕೆ. ಅದೇ ಜನ ಮುಂದೆ ತಮ್ಮನ್ನು ಮನೆಗೆ ಕರೆದು ಸನ್ಮಾನಿಸುತ್ತಾರೆ ಎಂದೂ ಅವರು ಹೇಳುತ್ತಿದ್ದರು. ಕಹಿಯಿಲ್ಲದೆ ಹೇಳುತ್ತಿದ್ದರು, ಆದರೆ ಮರೆತು ಹೇಳುತ್ತಿರಲಿಲ್ಲ.

ಎರಡನೆಯ ದೃಶ್ಯ 1924ರ ಡಿಸೆಂಬರ್, ಬೆಳಗಾವಿ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ. ಸ್ವಾಗತ ಗೀತೆ ಹಾಡಿದ ಹುಡುಗಿಯರಲ್ಲಿ ಹನ್ನೊಂದರ ಗಂಗೂಬಾಯಿ ಒಬ್ಬರು. ನಮ್ಮ ಪಠ್ಯಪುಸ್ತಕಗಳು ಇಲ್ಲಿಗೆ ನಿಲ್ಲುತ್ತವೆ: ಬಾಲಕಿ ಹಾಡಿದಳು, ಮಹಾತ್ಮರು ಕೇಳಿದರು. ಆ ಹುಡುಗಿಯ ಮನಸ್ಸಿನಲ್ಲಿ ಆ ದಿನ ಏನು ಓಡುತ್ತಿತ್ತು ಎಂಬುದನ್ನು ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಊಟವಾದ ಮೇಲೆ, ಕೆಳಜಾತಿಯವಳೆಂದು, ತನಗೆ ಎಲೆ ಎತ್ತಿ ನೆಲ ಬಳಿಯಲು ಹೇಳುತ್ತಾರೇನೋ ಎಂಬ ಅಂಜಿಕೆ. ಸ್ವರಾಜ್ಯದ ಸಭೆಯಲ್ಲಿ ದೇಶವನ್ನು ಸ್ವಾಗತಿಸಿ ಹಾಡುತ್ತಿರುವ ಮಗುವಿಗೆ ತನ್ನನ್ನು ಯಾವ ಸಾಲಿನಲ್ಲಿ ಕೂರಿಸುತ್ತಾರೆ ಎಂಬ ಚಿಂತೆ. ಆ ಅಧಿವೇಶನದ ಬಗ್ಗೆ ನಾನು ಓದಿರುವ ಅದೆಷ್ಟೋ ಪುಟಗಳಿಗಿಂತ ಈ ಒಂದು ಅಂಜಿಕೆ ನನಗೆ ಹೆಚ್ಚು ತಿಳಿಸಿಕೊಟ್ಟಿದೆ.

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು, ಏಕೆಂದರೆ ಗಂಗೂಬಾಯಿ ಹುಟ್ಟುವ ಹೊತ್ತಿಗೆ ಹಾಡುವ, ಕುಣಿಯುವ ಮನೆತನಗಳ ಕಾಲ ಬುಡದಿಂದಲೇ ಅಲುಗಾಡುತ್ತಿತ್ತು. 1890ರ ದಶಕದಲ್ಲಿ ಮದರಾಸು ಪ್ರಾಂತದಲ್ಲಿ ನಾಚ್ ವಿರೋಧಿ ಚಳವಳಿ, ಅಂದರೆ ವೃತ್ತಿನರ್ತಕಿಯರ ಕುಣಿತವನ್ನು ವಿರೋಧಿಸುವ ಚಳವಳಿ, ಶುರುವಾಗಿತ್ತು. ಮೈಸೂರು ಸಂಸ್ಥಾನ 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತು. ಧಾರವಾಡ ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1934ರಲ್ಲಿ ಕಾಯಿದೆ ಬಂತು, ಮದರಾಸಿನಲ್ಲಿ 1947ರಲ್ಲಿ. ಈ ಸುಧಾರಣೆಗಳು ಬೇಕಾಗಿದ್ದವು. ಹೆಣ್ಣುಮಗುವನ್ನು ದೇವರ ಹೆಸರಿನಲ್ಲಿ ಊರಿಗೆ ಬಿಟ್ಟುಕೊಡುವ ಕ್ರೂರ ಪದ್ಧತಿಯ ಪರವಾಗಿ ವಾದಿಸಲು ಸಾಧ್ಯವಿಲ್ಲ. (ಗಂಗೂಬಾಯಿಯವರದು ಎಲ್ಲಮ್ಮನಿಗೆ ಬಿಡುವ ಪದ್ಧತಿಯ ಮನೆಯಲ್ಲ, ಗಾಯನವನ್ನೇ ವೃತ್ತಿಯಾಗಿಸಿಕೊಂಡ ಮನೆ. ಊರವರ ಬಾಯಲ್ಲಿ ಈ ವ್ಯತ್ಯಾಸ ಉಳಿಯುತ್ತಿರಲಿಲ್ಲ.) ಆದರೆ ಸುಧಾರಕರು ಕಲೆಯನ್ನೂ ಕಲಾವಿದೆಯನ್ನೂ ಬೇರ್ಪಡಿಸಿ ನೋಡಿದರು. ರಾಗ ಶುದ್ಧ, ಹಾಡುವವಳು ಅಶುದ್ಧ. ಹಾಗಾಗಿ ರಾಗವನ್ನು ಉಳಿಸಿಕೊಳ್ಳಬೇಕು, ಅದನ್ನು ‘ಒಳ್ಳೆಯ ಮನೆ’ಯ ಹೆಣ್ಣುಮಕ್ಕಳಿಗೆ ಕಲಿಸಬೇಕು. ತಲೆತಲಾಂತರದಿಂದ ಅದನ್ನು ಕಾಪಾಡಿದವಳು ಏನಾಗಬೇಕು ಎಂಬ ಪ್ರಶ್ನೆಯನ್ನು ಕೇಳಿದವರು ತೀರಾ ಕಡಿಮೆ.

ಬಾನುಲಿಯ ಉದಾಹರಣೆ ನೋಡಿ. ರಾಜಮಹಾರಾಜರ ಆಶ್ರಯ ಬತ್ತುತ್ತಿದ್ದಾಗ ರೇಡಿಯೊ ಮತ್ತು ಗ್ರಾಮಫೋನ್ ಕಲಾವಿದರ ಹೊಸ ಅನ್ನದಾತರಾದವು. ಆದರೆ 1946ರ ಮಧ್ಯಂತರ ಸರ್ಕಾರದಲ್ಲಿ ಪ್ರಸಾರ ಖಾತೆ ಸರ್ದಾರ್ ಪಟೇಲರ ಬಳಿ ಇದ್ದಾಗ, ಖಾಸಗಿ ಬದುಕಿನ ಬಗ್ಗೆ ಸಾರ್ವಜನಿಕ ಅಪವಾದವಿರುವ ಗಾಯಕಿಯರಿಗೆ ಬಾನುಲಿಯಲ್ಲಿ ಅವಕಾಶ ಕೊಡಬಾರದೆಂಬ ನೀತಿ ಬಂತು. ಅಪವಾದ ಎಂದರೇನು, ಅದನ್ನು ತೀರ್ಮಾನಿಸುವವರು ಯಾರು? ಮದುವೆಯ ದಾಖಲೆ ಇಲ್ಲದ ತಾಯಿಯೊಬ್ಬಳು ಎಷ್ಟು ಶುದ್ಧ ಷಡ್ಜ ಹಿಡಿದರೂ ಸಾಲದೇ? ಇಂಥ ಕಾಲದಲ್ಲಿ ಹಾಡುವ ಮನೆಯ ಹೆಣ್ಣುಮಗಳು ಹಾಡನ್ನೇ ಬದುಕಾಗಿ ಆರಿಸಿಕೊಳ್ಳುವುದೆಂದರೆ ಎರಡೂ ಕಡೆಯ ಏಟಿಗೆ ಬೆನ್ನು ಕೊಟ್ಟಂತೆ. ಹಳಬರಿಗೆ ಆಕೆ ಮೈಲಿಗೆ, ಹೊಸಬರಿಗೆ ಮುಜುಗರ.

ಇಲ್ಲಿ ಅಂಬಾಬಾಯಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಗಂಗೂಬಾಯಿಯ ಕಥೆ ಹೇಳುವವರು ತಾಯಿಯನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ, ನನಗೆ ಅದು ಸರಿಕಾಣುವುದಿಲ್ಲ. ಮಗಳು ಹಿಂದೂಸ್ತಾನಿ ಕಲಿಯಲಿ ಎಂದು ಈ ಕುಟುಂಬ 1928ರಲ್ಲಿ ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಬಂತು. ತನ್ನ ಕರ್ನಾಟಕ ಸಂಗೀತದ ಗಮಕ ಮಗಳ ಕಿವಿಗೆ ಬಿದ್ದು ಅವಳ ಹಿಂದೂಸ್ತಾನಿ ಶೈಲಿ ಕಲಸಿಹೋಗಬಾರದೆಂದು ಆ ತಾಯಿ ಮನೆಯಲ್ಲಿ ತಾನು ಹಾಡುವುದನ್ನೇ ನಿಲ್ಲಿಸಿದಳು. ಹಿಂದೂಸ್ತಾನಿ ಗಾಯನದ ಕಿರಾಣಾ ಘರಾಣೆಯ (ಪರಂಪರೆಯ) ಅಬ್ದುಲ್ ಕರೀಂ ಖಾನರು ಇವರ ಮನೆಗೆ ಬಂದು ಆಕೆಯ ಹಾಡು ಕೇಳುತ್ತಿದ್ದರು ಎಂದ ಮೇಲೆ ಆ ಕಂಠ ಎಂಥದ್ದಿರಬೇಕು ಯೋಚಿಸಿ. ಅಂಥ ಕಂಠವನ್ನು ಒಬ್ಬ ಹೆಂಗಸು ತಾನಾಗಿ ಮುಚ್ಚಿಟ್ಟಳು. 1932ರಲ್ಲಿ ತೀರಿಕೊಂಡಳು. ಮಗಳ ಪೂರ್ಣ ಬೆಳವಣಿಗೆಯನ್ನು ನೋಡಲಿಲ್ಲ.

ಮಗಳಿಗೆ ಸಿಕ್ಕ ಶಾಲೆ ಪ್ರಾಥಮಿಕ ಹಂತದ್ದು ಮಾತ್ರ. ಸಂಗೀತ ಮೊದಲು ಕಿನ್ನರಿ ಎಂಬ ತಂತಿವಾದ್ಯದ ವಿದ್ವಾಂಸ ಕೃಷ್ಣಾಚಾರ್ಯ ಹುಲಗೂರರಿಂದ, ಆಮೇಲೆ ದತ್ತೋಪಂತ ದೇಸಾಯಿಯವರಿಂದ, ಕೊನೆಗೆ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರಿಂದ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನ ದಾರಿ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಈಗ ಅದು ಒಂದು ಲೆಕ್ಕವೇ ಅಲ್ಲ. ಆಗ ಮನೆಯಲ್ಲಿ ಚಿಕ್ಕ ಮಕ್ಕಳನ್ನು ಬಿಟ್ಟು, ರೈಲು ಹಿಡಿದು, ಗುರುವಿನ ಮನೆಯಲ್ಲಿ ಪಾಠ ಮುಗಿಸಿ, ಮತ್ತೆ ರೈಲಿಗೆ ಕಾದು, ಕತ್ತಲಲ್ಲಿ ಮನೆ ಸೇರಬೇಕು. ದಾರಿಯಲ್ಲಿ ‘ಗಾನೇವಾಲಿ ಬಂದಳು’ ಎಂದು ಕೂಗುವವರು ಇರುತ್ತಿದ್ದರು. ಗುರು ಒಂದೇ ಸ್ವರಗುಚ್ಛವನ್ನು ದಿನಗಟ್ಟಲೆ ತಿದ್ದಿಸುತ್ತಿದ್ದರು. ಜಿಪುಣ ದುಡ್ಡನ್ನು ಬಿಚ್ಚುವಂತೆ ಸ್ವರವನ್ನು ಬಿಚ್ಚಬೇಕು, ಆಗ ಮಾತ್ರ ಕೇಳುವವನಿಗೆ ಪ್ರತಿಯೊಂದರ ಬೆಲೆ ತಿಳಿಯುತ್ತದೆ ಎಂಬುದು ಅಲ್ಲಿ ಕಲಿತ ಪಾಠ. ಗಂಗೂಬಾಯಿಯವರ ವಿಲಂಬಿತ ಖಯಾಲ್, ಅಂದರೆ ನಿಧಾನಗತಿಯ ಗಾಯನ, ಕೇಳಿದವರಿಗೆ ಇದರ ಅರ್ಥ ಬೇರೆ ಹೇಳಬೇಕಾಗಿಲ್ಲ. ಭೀಮಸೇನ ಜೋಶಿಯವರು ಇದೇ ಗುರುವಿನ ಶಿಷ್ಯರು. ಸಂಗೀತ ಕಲಿಯಬೇಕೆಂದು ಮನೆಬಿಟ್ಟು ಓಡಿಹೋದ ಆ ಹುಡುಗನ ಅಲೆದಾಟ ಇಂದು ನಾಡಿಗೆಲ್ಲ ಗೊತ್ತಿರುವ ಸಾಹಸಕಥೆ. ಹೆಣ್ಣಿಗೆ ಹಾಗೆ ಓಡಿಹೋಗುವ ದಾರಿಯೇ ಇರಲಿಲ್ಲ. ರೈಲಿನ ವೇಳಾಪಟ್ಟಿಯೊಳಗೇ ಆಕೆಯ ಸಾಹಸ ಮುಗಿಯಬೇಕಿತ್ತು.

ಧ್ವನಿಯ ವಿಷಯಕ್ಕೆ ಬರುತ್ತೇನೆ. ತರಗತಿಯಲ್ಲಿ ನಾನು ಎರಡು ಧ್ವನಿಮುದ್ರಿಕೆಗಳನ್ನು ಒಂದರ ಹಿಂದೊಂದು ಕೇಳಿಸುತ್ತೇನೆ, ಹೆಸರು ಹೇಳದೆ. ಮೊದಲನೆಯದು 1930ರ ದಶಕದ ಮೂರು ನಿಮಿಷದ ಗ್ರಾಮಫೋನ್ ತಟ್ಟೆ. ಎಚ್‌ಎಂವಿ ಕಂಪನಿಯ ಆ ತಟ್ಟೆಗಳ ಕಾಲದಲ್ಲಿ ಅವರ ಹೆಸರು ಗಾಂಧಾರಿ. ಧ್ವನಿ ತೆಳು, ಎತ್ತರದ್ದು, ಬೆಳ್ಳಿತಂತಿಯಂತೆ ಮಿಂಚುವಂಥದ್ದು. ಎರಡನೆಯದು ಮೂರು ದಶಕ ನಂತರದ್ದು. ಕೇಳಿದ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಎರಡನೆಯದು ಗಂಡಸಿನ ಧ್ವನಿ ಎಂದೇ ಹೇಳುತ್ತಾರೆ. ಎರಡೂ ಒಬ್ಬರೇ ಎಂದಾಗ ಅವರ ಮುಖದಲ್ಲಿ ಕಾಣುವ ಬೆರಗು ಪ್ರತಿವರ್ಷ ನನಗೆ ಹೊಸದು. ಗಂಟಲಿನ ಟಾನ್ಸಿಲ್ ಚಿಕಿತ್ಸೆಯ ನಂತರ ಧ್ವನಿ ಭಾರವಾಯಿತು, ಗಡುಸಾಯಿತು. ಹೆಣ್ಣಿನ ಕಂಠ ಕೋಗಿಲೆಯಂತಿರಬೇಕು ಎಂದು ನಂಬಿದ್ದ ಲೋಕದಲ್ಲಿ ಅಲ್ಲಿಗೆ ಒಬ್ಬ ಗಾಯಕಿಯ ಕಥೆ ಮುಗಿಯಬೇಕಿತ್ತು. ಅವರು ಆ ಧ್ವನಿಯನ್ನು ಮರೆಮಾಚಲಿಲ್ಲ, ತೆಳು ಮಾಡಿಕೊಳ್ಳಲು ಹೆಣಗಲಿಲ್ಲ. ಅದನ್ನೇ ಕಟ್ಟಡದ ಅಡಿಪಾಯ ಮಾಡಿಕೊಂಡರು.

ಇದನ್ನು ಅವರ ಗುರುವಿನ ಬದುಕಿನ ಪಕ್ಕದಲ್ಲಿಟ್ಟು ನೋಡಿ. ಸವಾಯಿ ಗಂಧರ್ವರು ಮರಾಠಿ ರಂಗಭೂಮಿಯಲ್ಲಿ ಹೆಸರು ಮಾಡಿದ್ದು ಸ್ತ್ರೀಪಾತ್ರಗಳಿಂದ. ಅವರಂತೆಯೇ ಬಾಲಗಂಧರ್ವರು. ಗರತಿಯರು ರಂಗಕ್ಕೆ ಬರಬಾರದೆಂದು ಗಂಡಸರು ಸೀರೆಯುಟ್ಟು ಹೆಣ್ಣಿನ ಧ್ವನಿ, ಹೆಣ್ಣಿನ ನಡಿಗೆ ಹೇಗಿರಬೇಕೆಂದು ತೋರಿಸಿಕೊಟ್ಟ ಕಾಲ. ಮನೆಯ ಹೆಂಗಸರು ಅವರನ್ನು ನೋಡಿ ಸೆರಗು ಹೊದೆಯುವುದನ್ನು ಕಲಿಯುತ್ತಿದ್ದರು. ಆ ಗುರುವಿನ ಶಿಷ್ಯೆ ‘ಗಂಡು’ ಕಂಠದಲ್ಲಿ ಹಾಡಿ, ಹೆಣ್ಣುಧ್ವನಿ ಎಂದರೆ ಏನು ಎಂಬುದರ ಅಳತೆಯನ್ನೇ ಬದಲಿಸಿದರು. ಭಾಷಣ ಮಾಡದೆಯೇ ಬದಲಿಸಿದರು. ಹೋರಾಟ ಮಾಡಲಿಲ್ಲ ಎಂದಿರಲ್ಲ, ಇದನ್ನು ನೀವು ಏನೆಂದು ಕರೆಯುತ್ತೀರಿ?

ಹೆಸರಿನ ಇನ್ನರ್ಧಕ್ಕೆ ಬರೋಣ: ‘ಬಾಯಿ’. ಉತ್ತರ ಕರ್ನಾಟಕದಲ್ಲಿ ಅದು ಗೌರವದ ಮಾತು, ಯಾವ ಮನೆಯಲ್ಲೂ ಬಳಸುವಂಥದ್ದು. ಹಿಂದೂಸ್ತಾನಿ ಸಂಗೀತದ ಲೋಕದಲ್ಲಿ ಮಾತ್ರ ಅದಕ್ಕೆ ಬೇರೊಂದು ನೆರಳು ಅಂಟಿಕೊಂಡಿತ್ತು. ಹೆಸರಿನ ಮುಂದೆ ‘ಬಾಯಿ’ ಇದ್ದರೆ ವೃತ್ತಿಗಾಯಕಿ ಎಂದು ಗುರುತು. ಮುಸಲ್ಮಾನ ಗಾಯಕ ಉಸ್ತಾದನಾಗುತ್ತಾನೆ, ಹಿಂದೂ ಗಾಯಕ ಪಂಡಿತನಾಗುತ್ತಾನೆ, ಕೇಸರಬಾಯಿ, ಮೋಗುಬಾಯಿಯಂಥವರು ಮಾತ್ರ ಬಾಯಿಗಳಾಗಿಯೇ ಉಳಿಯುತ್ತಾರೆ ಎಂದು ಗಂಗೂಬಾಯಿ ಹೇಳಿದ್ದುಂಟು. ಎಷ್ಟು ಕಡಿಮೆ ಮಾತಿನಲ್ಲಿ ಎಷ್ಟು ದೊಡ್ಡ ಅನ್ಯಾಯವನ್ನು ತೋರಿಸಿದ್ದಾರೆ! ಮುಂದಿನ ತಲೆಮಾರಿನ ಹೆಸರುಗಳನ್ನು ಗಮನಿಸಿ. ಮೋಗುಬಾಯಿ ಕುರ್ಡೀಕರರ ಮಗಳು ಕಿಶೋರಿ ಅಮೋಣಕರ್. ಗಂಗೂಬಾಯಿಯವರ ಮಗಳು ಕೃಷ್ಣಾ ಹಾನಗಲ್. ಇಬ್ಬರಲ್ಲೂ ‘ಬಾಯಿ’ ಇಲ್ಲ. ತಾಯಂದಿರು ಹೊತ್ತ ಪದವನ್ನು ಮಕ್ಕಳ ಹೆಸರಿನಿಂದ ಸದ್ದಿಲ್ಲದೆ ಇಳಿಸಲಾಯಿತು. ಒಂದೇ ತಲೆಮಾರಿನಲ್ಲಿ ನಡೆದ ಈ ಬದಲಾವಣೆಗೆ ಯಾವ ಕಾಯಿದೆಯ ಸಂಖ್ಯೆಯೂ ಇಲ್ಲ.

ಕಾನೂನಿನ ಕಡೆಗೂ ಒಮ್ಮೆ ಕಣ್ಣು ಹಾಯಿಸೋಣ, ಅದು ಎಷ್ಟು ತಡವಾಗಿ ಬಂತು ಎಂಬುದನ್ನು ತಿಳಿಯಲು. ಗಂಗೂಬಾಯಿ, ಕೌಲಗಿಯವರ ಸಹಬಾಳ್ವೆ ಶುರುವಾದದ್ದು 1929ರ ಸುಮಾರಿಗೆ. ಬೇರೆ ಬೇರೆ ಜಾತಿಯ ಹಿಂದೂಗಳ ನಡುವಿನ ಮದುವೆ ಸಿಂಧು ಎಂದು ದೇಶದ ಕಾಯಿದೆ ಖಚಿತವಾಗಿ ಹೇಳಿದ್ದು 1949ರಲ್ಲಿ. ಹಿಂದೂ ವಿವಾಹ ಕಾಯಿದೆ ಬಂದದ್ದು 1955ರಲ್ಲಿ. ಅವಿವಾಹಿತ ತಾಯಿ ತಂದೆಯ ಹೆಸರು ಹೇಳದೆಯೇ ಮಗುವಿನ ಪೋಷಕಿಯಾಗಬಹುದು ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2015ರಲ್ಲಿ. ಸಿಂಧುವಲ್ಲದ ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೂ ತಂದೆತಾಯಿಯ ಪಾಲಿಗೆ ಬರುವ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕಿದೆ ಎಂದು ಅದೇ ನ್ಯಾಯಾಲಯ 2023ರಲ್ಲಿ ಹೇಳಿತು; ಕರ್ನಾಟಕದಿಂದಲೇ ಹೋಗಿದ್ದ ಪ್ರಕರಣ ಅದು. ಗಂಗೂಬಾಯಿ ಈ ಯಾವುದಕ್ಕೂ ಕಾಯುವಂತಿರಲಿಲ್ಲ. ಸಂಸಾರ ಹಾಡಿನ ಸಂಪಾದನೆಯ ಮೇಲೆ ನಿಂತಿತ್ತು. ಕೌಲಗಿಯವರ ವ್ಯವಹಾರಗಳು ಕೈಹಿಡಿಯಲಿಲ್ಲ, ಸಾಲ ತೀರಿಸಲು, ಮಕ್ಕಳನ್ನು ಸಾಕಲು ಕಛೇರಿಯಿಂದ ಕಛೇರಿಗೆ ಊರೂರು ಸುತ್ತಬೇಕಾಯಿತು. ಮನೆ ನಡೆಸುವ ಹೆಂಗಸು ಎಂಬುದು ನಮಗೆ ಹೊಸ ಕಾಲದ ಚಿತ್ರ. ಹಾಡುವ ಮನೆಗಳಲ್ಲಿ ಅದು ತಲೆಮಾರುಗಳಿಂದ ಇದ್ದದ್ದೇ.

ಹಾಗಾದರೆ ಇದು ಏರುಗತಿಯ, ಸುಖಾಂತದ ಕಥೆಯೇ? 1971ರಲ್ಲಿ ಪದ್ಮಭೂಷಣ, 1973ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2002ರಲ್ಲಿ ಪದ್ಮವಿಭೂಷಣ. ಇವನ್ನೆಲ್ಲ ಸಾಲಾಗಿ ಜೋಡಿಸಿದರೆ ಹಾಗೆ ಕಾಣುತ್ತದೆ. ಇಲ್ಲಿ ನನ್ನ ಅಭಿಪ್ರಾಯ ಅನೇಕರಿಗಿಂತ ಬೇರೆ. ಗಂಗೂಬಾಯಿಗೆ ತೆರೆದ ಬಾಗಿಲು ಅವರ ಹಿಂದೆ ಬರುತ್ತಿದ್ದವರಿಗೆ ಮುಚ್ಚಿಕೊಂಡಿತು. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಹಿಂದೂಸ್ತಾನಿ ಸಂಗೀತದ ಗಾಯಕಿಯರ ಹೆಸರು ತೆಗೆದರೆ ಬಹುಪಾಲು ಹಾಡುವ ಮನೆತನದವರು. ಎರಡನೆಯ ಅರ್ಧಕ್ಕೆ ಬಂದರೆ ವೇದಿಕೆಯ ಮೇಲಿನ ಹೆಣ್ಣುಮಕ್ಕಳಲ್ಲಿ ಮಧ್ಯಮವರ್ಗದ, ಮೇಲ್ಜಾತಿಯ ಮನೆಗಳವರೇ ಹೆಚ್ಚುತ್ತಾರೆ. ಅವರು ಹಾಡಬಾರದು ಎಂದಲ್ಲ. ಗಂಡನ ಮನೆಯಲ್ಲಿ ತಂಬೂರಿ ಶ್ರುತಿ ಮಾಡುವ ಹಕ್ಕಿಗಾಗಿ ಅವರೂ ಕಷ್ಟಪಟ್ಟಿದ್ದಾರೆ. ಆದರೆ ಹಳೆಯ ಮನೆತನಗಳ ಹೆಣ್ಣುಮಕ್ಕಳು ಎಲ್ಲಿ ಹೋದರು? ಹೆಚ್ಚಿನವರು ಹಾಡು ಬಿಟ್ಟರು. ಮಗಳು ಶಾಲೆಗೆ ಹೋಗಲಿ, ನೌಕರಿ ಹಿಡಿಯಲಿ, ನಮ್ಮ ಮನೆಯ ಹೆಸರು ಯಾರಿಗೂ ತಿಳಿಯದಿರಲಿ ಎಂದು ತಾಯಂದಿರೇ ತಂಬೂರಿಯನ್ನು ಅಟ್ಟಕ್ಕೆ ಹಾಕಿದರು. ಅವರನ್ನು ದೂರುವ ಅಧಿಕಾರ ನಮಗಿಲ್ಲ.

ಇನ್ನೂ ಕೆಳಗಿನ ಮೆಟ್ಟಿಲಿನಲ್ಲಿದ್ದವರ ಸ್ಥಿತಿ ಬೇರೆಯೇ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕರ್ನಾಟಕದ ಕಾಯಿದೆ 1982ರದು. ಅದರ ನಂತರ, 1993–94 ಮತ್ತು 2007–08ರಲ್ಲಿ ರಾಜ್ಯ ನಡೆಸಿದ ಎರಡು ಸಮೀಕ್ಷೆಗಳಲ್ಲಿ ಗುರುತಿಸಲಾದ ದೇವದಾಸಿಯರ ಒಟ್ಟು ಸಂಖ್ಯೆ 46,660. ಬಹುತೇಕ ದಲಿತ ಹೆಣ್ಣುಮಕ್ಕಳು, ಬಹುತೇಕ ಉತ್ತರ ಕರ್ನಾಟಕದವರು. ಗಂಗೂಬಾಯಿ ಪದ್ಮ ಪ್ರಶಸ್ತಿ ಪಡೆದ ವರ್ಷಗಳಲ್ಲೇ, ಅವರ ಹುಬ್ಬಳ್ಳಿಯಿಂದ ಕೆಲವೇ ಗಂಟೆಗಳ ದಾರಿಯಲ್ಲಿ, ಈ ಹೆಣ್ಣುಮಕ್ಕಳು ನೆರವಿಗಾಗಿ ಕಚೇರಿಗಳ ಮೆಟ್ಟಿಲು ಹತ್ತುತ್ತಿದ್ದರು. ಇವರನ್ನು ಬಿಟ್ಟು ‘ಶತಮಾನದ ಬದಲಾವಣೆ’ ಎಂದರೆ ಅದು ಅರ್ಧ ಸತ್ಯ.

ಆದ್ದರಿಂದಲೇ ಆ ಬದುಕು ನನಗೆ ಮುಖ್ಯವೆನಿಸುತ್ತದೆ. ಅವರು ಮನೆತನದ ಹೆಸರನ್ನು ಅಡಗಿಸಿ ಮೇಲೇರಲಿಲ್ಲ. ತಂದೆಯ ಹೆಸರು ಹಾಕಿಕೊಂಡಿದ್ದರೆ ಹಲವು ಬಾಗಿಲುಗಳು ಬೇಗ ತೆರೆಯುತ್ತಿದ್ದವು. ಆತ್ಮಕಥೆಯಲ್ಲಿ, ಸಂದರ್ಶನಗಳಲ್ಲಿ, ಮಾವಿನಕಾಯಿಯ ಕಥೆಯನ್ನೂ ಬೆಳಗಾವಿಯ ಎಲೆಯ ಕಥೆಯನ್ನೂ ತಾವೇ ಬಿಚ್ಚಿ ಹೇಳಿದರು. ಯಾವ ಹೆಸರಿನಿಂದಾಗಿ ಶುಕ್ರವಾರಪೇಟೆಯ ಹಿತ್ತಲುಗಳಿಗೆ ಪ್ರವೇಶವಿರಲಿಲ್ಲವೋ ಆ ಹೆಸರಿನಲ್ಲಿ ಇಂದು ಮೈಸೂರಿನಲ್ಲಿ ಕರ್ನಾಟಕ ರಾಜ್ಯದ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವಿದೆ. ‘ಬಾಯಿ’ಯೂ ಇದೆ, ‘ಹಾನಗಲ್’ ಕೂಡ ಇದೆ, ಎರಡನ್ನೂ ಬಿಡದೆ ಪದವಿ ಪ್ರಮಾಣಪತ್ರದ ಮೇಲೆ ಅಚ್ಚು ಹಾಕುತ್ತಾರೆ. ಐದನೆಯ ತರಗತಿಯ ಆಚೆ ಶಾಲೆ ಕಾಣದ ಹೆಣ್ಣುಮಗಳ ಹೆಸರು.

2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ಅವರು ತೀರಿಕೊಂಡಾಗ 96 ವರ್ಷ. ಕಣ್ಣುಗಳನ್ನು ದಾನ ಮಾಡಿದ್ದರು. ನೀವು ಅವರನ್ನು ಓದಿ ತಿಳಿದಿದ್ದೀರಿ ಎಂದು ಪ್ರಶ್ನೆಯಿಂದ ಕಾಣುತ್ತದೆ, ಇನ್ನು ಕೇಳಿಯೂ ನೋಡಿ ಎಂಬುದು ನನ್ನ ಕೋರಿಕೆ. 1970, 80ರ ದಶಕಗಳ ಕಛೇರಿಯ ಧ್ವನಿಮುದ್ರಿಕೆ ಯಾವುದಾದರೂ ಸರಿ. ಮುಂದೆ ಗಂಗೂಬಾಯಿಯವರ ಆ ಗಂಭೀರ ಷಡ್ಜ ನಿಂತಿರುತ್ತದೆ. ಅದರ ಹಿಂದೆ, ಸ್ವಲ್ಪ ಮೇಲಿನ ಮಟ್ಟದಲ್ಲಿ, ಅವರು ಉಸಿರು ತೆಗೆದುಕೊಳ್ಳುವ ಕಡೆಯಲ್ಲೆಲ್ಲ ಸ್ವರವನ್ನು ಎತ್ತಿ ಹಿಡಿಯುವ ಇನ್ನೊಂದು ಹೆಣ್ಣುಧ್ವನಿ ಇರುತ್ತದೆ. ಅದು ಮಗಳು ಕೃಷ್ಣಾ ಅವರದು. ತಾವೇ ಮುಂದೆ ಕೂತು ಹಾಡಬಲ್ಲವರಾಗಿದ್ದರೂ ಜೀವನದ ಬಹುಭಾಗವನ್ನು ತಾಯಿಯ ಹಿಂದೆ ತಂಬೂರಿ ಹಿಡಿದು ಕಳೆದರು. 2004ರಲ್ಲಿ, ತಾಯಿಗಿಂತ ಮೊದಲೇ ಹೋದರು. ಎರಡು ವರ್ಷದ ನಂತರ, 93ರ ವಯಸ್ಸಿನಲ್ಲಿ ಗಂಗೂಬಾಯಿ ಕೊನೆಯ ಕಛೇರಿಗೆ ಕೂತಾಗ ಹಿಂದೆ ಆ ಧ್ವನಿ ಇರಲಿಲ್ಲ.